ಕೋವಿಡ್ ಪರಿಹಾರ ಯಾವ ಶೆಡ್ಡಿಗೆ ಬಂತು? ಅಮೆರಿಕದ ಕೌಂಟಿಯೊಂದರ ಲೆಕ್ಕ ನೋಡುವುದು ಹೀಗೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಓದುವ, ಕೆಲಸ ಮಾಡುವ ನಮ್ಮವರಿಗೆ ಈ ನೋಟ ಗೊತ್ತಿರುತ್ತದೆ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ, ನಡುನಡುವೆ ಉದ್ದನೆಯ ಶೆಡ್ಡುಗಳು, ಅವುಗಳೊಳಗೆ ಹಂದಿಗಳು. 2020ರಲ್ಲಿ ಕೋವಿಡ್ ಹರಡಿ ಮಾಂಸದ ಕಾರ್ಖಾನೆಗಳು ಬಾಗಿಲು ಹಾಕಿದಾಗ ಬೆಳೆದ ಹಂದಿಯನ್ನು ಕೊಳ್ಳುವವರು ಸಿಗಲಿಲ್ಲ. ಆಗ ಸರ್ಕಾರ ಹಣ ಕೊಟ್ಟಿತು. ಯಾರಿಗೆ ಎಷ್ಟು ಎಂಬ ಪಟ್ಟಿ ಸುಲಭವಾಗಿ ಸಿಗುತ್ತದೆ. ಅದನ್ನು ಸರಿಯಾಗಿ ಓದುವುದರಲ್ಲೇ ಇದೆ ಕೆಲಸ.

ಮೊದಲು ಯೋಜನೆಯ ಹೆಸರು ತಿಳಿದಿರಲಿ: ಕೊರೊನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ, ಚಿಕ್ಕದಾಗಿ ಸಿಫ್ಯಾಪ್. ಎರಡು ಕಂತು. ಮೊದಲನೆಯದಕ್ಕೆ ಅರ್ಜಿ ಶುರುವಾಗಿದ್ದು 2020ರ ಮೇ 26ಕ್ಕೆ, ಎರಡನೆಯದಕ್ಕೆ ಸೆಪ್ಟೆಂಬರ್ 21ಕ್ಕೆ. ಅರ್ಜಿ ತೆಗೆದುಕೊಂಡಿದ್ದು ಕೃಷಿ ಇಲಾಖೆಯ ಫಾರ್ಮ್ ಸರ್ವೀಸ್ ಏಜೆನ್ಸಿಯ ಸ್ಥಳೀಯ ಕಚೇರಿಗಳು.

ಆಮೇಲೆ ಪಟ್ಟಿ ತೆಗೆಯಿರಿ. ಏಜೆನ್ಸಿಯೇ ಹಣ ಪಡೆದವರ ಫೈಲುಗಳನ್ನು ಪ್ರಕಟಿಸುತ್ತದೆ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆಯ ತಾಣದಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಆರಿಸಿ ನೋಡುವುದು ಇನ್ನೂ ಸಲೀಸು. ಅಯೋವಾದಲ್ಲಿ 99 ಕೌಂಟಿಗಳಿವೆ. ವಾಯವ್ಯ ಮೂಲೆಯ ಸೂ ಕೌಂಟಿಯಿಂದ ಶುರುಮಾಡಿ. ಅಲ್ಲಿ ಜನಕ್ಕಿಂತ ಹಂದಿಗಳೇ ಎಷ್ಟೋ ಪಟ್ಟು ಜಾಸ್ತಿ.

ಪಟ್ಟಿಯಲ್ಲಿ ಹೆಸರು, ಮೊತ್ತ ಇರುತ್ತದೆ. ಎಷ್ಟು ಹಂದಿಗೆ, ಎಷ್ಟು ದನಕ್ಕೆ ಎಂದು ಇರುವುದಿಲ್ಲ. ರೈತ ಕೊಟ್ಟ ಜಮೀನು, ಜಾನುವಾರಿನ ವಿವರ ಬಿಟ್ಟುಕೊಡಬಾರದು ಎಂದು 2008ರ ಕಾನೂನೇ ಹೇಳುತ್ತದೆ. ಹಾಗಾಗಿ ದರ ಇಟ್ಟುಕೊಂಡು ನಾವೇ ಅಂದಾಜು ಮಾಡಬೇಕು. ಎರಡನೇ ಕಂತಿನಲ್ಲಿ ಹಂದಿಗೆ ತಲೆಗೆ 23 ಡಾಲರ್, ಮಾಂಸದ ದನಕ್ಕೆ 55 ಡಾಲರ್. ತಳಿಗೆಂದು ಸಾಕಿದವು ಲೆಕ್ಕಕ್ಕಿಲ್ಲ. 2,400 ಹಂದಿ ಹಿಡಿಯುವ ಒಂದು ಶೆಡ್ ತುಂಬಿತ್ತು ಅನ್ನಿ, 55,200 ಡಾಲರ್ ಆಯಿತು.

ಆದರೆ ಆ ಹಣ ಶೆಡ್ ಇದ್ದವನಿಗೇ ಹೋಯಿತು ಅಂದುಕೊಳ್ಳಬೇಡಿ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಕಡೆ ಬ್ರಾಯ್ಲರ್ ಕೋಳಿ ಸಾಕುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಮರಿ ಕಂಪನಿಯದು, ಶೆಡ್ಡು, ದುಡಿಮೆ ರೈತನದು. ಅಯೋವಾದ ಬಹಳಷ್ಟು ಹಂದಿ ಶೆಡ್ಡುಗಳೂ ಹೀಗೇ. ಮೊದಲು ಎರಡೂ ಕಂತು ಬಂದಾಗ ಪ್ರಾಣಿ ಯಾರದೋ ಅವರಿಗೇ ಹಣ. ಕರಾರಿನ ಮೇಲೆ ಸಾಕಿದವನಿಗೆ ಶೆಡ್ ಖಾಲಿ ಬಿದ್ದರೂ ಬಿಡಿಗಾಸಿಲ್ಲ. ಹೀಗೆ ಕರಾರಿನ ಮೇಲೆ ಸಾಕಿದವರ ಪರಿಹಾರ ಕೊನೆಗೆ ದಾರಿಗೆ ಬಂದಿದ್ದು 2021ರ ಆಗಸ್ಟ್‌ನಲ್ಲಿ. ಅವರ ಹೆಸರು ಬೇಕಿದ್ದರೆ ಅಲ್ಲಿಂದಾಚೆಗಿನ ಪಟ್ಟಿಯನ್ನೇ ನೋಡಬೇಕು.

ದೊಡ್ಡ ಮೊತ್ತಗಳನ್ನು ನೋಡುವಾಗ ಮಿತಿ ನೆನಪಿರಲಿ. ಒಬ್ಬರಿಗೆ ಒಂದು ಕಂತಿನಲ್ಲಿ ಗರಿಷ್ಠ 2,50,000 ಡಾಲರ್. ಮೂವರು ಪಾಲುದಾರರು ತಲಾ 400 ಗಂಟೆ ದುಡಿದಿದ್ದರೆ ಕಂಪನಿಗೆ 7,50,000ವರೆಗೂ ಸಿಗುತ್ತಿತ್ತು. 5,000 ದನ ಇದ್ದವನ ಲೆಕ್ಕ 2,75,000 ಆದರೂ ಕೈಗೆ ಬಂದಿದ್ದು 2,50,000. ಹಾಗಾಗಿ ಮಿತಿ ಮುಟ್ಟಿದ ಹೆಸರಿನ ಮೇಲೆ ಮೇಲಿನ ಅಂದಾಜು ನಡೆಯುವುದಿಲ್ಲ.

ಕೌಂಟಿಯ ಮೊತ್ತವನ್ನೂ ಸುಮ್ನೆ ನಂಬುವಂತಿಲ್ಲ. ಎರಡು ಮೂರು ಕೌಂಟಿಗಳಲ್ಲಿ ಜಮೀನಿರುವ ರೈತನ ಪೂರ್ತಿ ಹಣ ಒಂದೇ ಕಚೇರಿಯ ಲೆಕ್ಕಕ್ಕೆ ಸೇರಿರಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ರೈತರು ಪಿಪಿಪಿ ಸಾಲವನ್ನೂ ಪಡೆದರು; ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ, ಅಂದರೆ ಕೋವಿಡ್ ಕಾಲದಲ್ಲಿ ಸಣ್ಣ ಉದ್ಯಮಗಳಿಗೆ ಕೊಟ್ಟ ಸಾಲ. ಷರತ್ತು ಪಾಲಿಸಿದರೆ ಆ ಸಾಲ ಮನ್ನಾ. ಇದು ಕೃಷಿ ಇಲಾಖೆಯ ಪಟ್ಟಿಯಲ್ಲಿ ಇರುವುದಿಲ್ಲ, ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನ ಫೈಲು ಬೇರೆಯೇ ತೆಗೆಯಬೇಕು. ಉದ್ಯಮದ ಕೋಡ್ 11ರಿಂದ ಶುರುವಾಗುವ ಸಾಲುಗಳನ್ನು ಮಾತ್ರ ಉಳಿಸಿಕೊಳ್ಳಿ. ಕೃಷಿ ಇರುವುದು ಅಲ್ಲಿ. ಆಗ ಒಂದು ತಮಾಷೆ ಕಾಣುತ್ತದೆ: 20,833 ಡಾಲರ್ ಎಂಬ ಮೊತ್ತ ಮತ್ತೆ ಮತ್ತೆ ಎದುರಾಗುತ್ತದೆ. ಮೋಸ ಅಂತ ಹೌಹಾರಬೇಡಿ. ಆಳು ಇಟ್ಟುಕೊಳ್ಳದೆ ತಾವೇ ದುಡಿಯುವವರಿಗೆ ವರ್ಷಕ್ಕೆ 1,00,000 ಡಾಲರ್ ಮೀರದಂತೆ ಆದಾಯ ಹಿಡಿದು, ಎರಡೂವರೆ ತಿಂಗಳಿನದನ್ನು ಕೊಡುತ್ತಿದ್ದರು. ಭಾಗಿಸಿ ನೋಡಿ, ಅಷ್ಟೇ ಬರುತ್ತದೆ.