ರಸ್ತೆಯಲ್ಲಿ ಒಂಬತ್ತು, ಆಕಾಶದಲ್ಲಿ ಆರೂವರೆ

ಮಂಗಳೂರಿನ ಕಾವೂರಿನಲ್ಲಿರುವ ನಮ್ಮ ಮನೆಯ ಟೆರೇಸಿನಲ್ಲಿ ನಿಂತರೆ ಇಳಿಯಲು ಬರುವ ವಿಮಾನದ ಚಕ್ರಗಳು ಬರಿಗಣ್ಣಿಗೆ ಕಾಣುತ್ತವೆ. ನನಗೆ ರಿಮೋಟ್ ವಿಮಾನದ ಹುಚ್ಚು ಹಿಡಿದದ್ದು ಈ ಟೆರೇಸಿನಲ್ಲಿಯೇ. ಆದರೆ ಇಲ್ಲಿಂದ ಇದುವರೆಗೆ ಒಂದು ಕಾಗದದ ವಿಮಾನಕ್ಕಿಂತ ದೊಡ್ಡದನ್ನು ನಾನು ಹಾರಿಸಿಲ್ಲ. ವಿಮಾನ ನಿಲ್ದಾಣದ ಬುಡದಲ್ಲಿ ಮನೆ ಇಟ್ಟುಕೊಂಡು ಎಲ್ಲಿ ಹಾರಿಸುತ್ತೀರಿ ಎಂದು ಕೇಳುವವರಿಗೆ, ಮೂಲ್ಕಿಯ ಕಡೆ ಹೋಗುತ್ತೇನೆ ಎಂದು ಉತ್ತರಿಸುತ್ತೇನೆ. ಅಷ್ಟು ದೂರ ಏಕೆ ಎಂಬುದಕ್ಕೆ ಉತ್ತರ ಸ್ವಲ್ಪ ಉದ್ದವಿದೆ.

ಮೊದಲ ವರ್ಷ ನಾನು ಹೋಗುತ್ತಿದ್ದುದು ಮೂಲ್ಕಿಗಲ್ಲ. ಬಜಪೆ ದಾಟಿ ಕಟೀಲಿಗೆ ಹೋಗುವ ದಾರಿಯಲ್ಲಿ ಒಂದು ಗದ್ದೆ ಸಿಕ್ಕಿತ್ತು. ಕಟಾವು ಮುಗಿದಿತ್ತು, ವಿದ್ಯುತ್ ತಂತಿ ಇರಲಿಲ್ಲ, ಗದ್ದೆಯ ಯಜಮಾನರು, “ದನ ಕಟ್ಟಿದ ಕಡೆ ಮಾತ್ರ ಬರಬೇಡಿ ಮಾರಾಯರೇ” ಎಂದು ಒಪ್ಪಿಗೆಯನ್ನೂ ಕೊಟ್ಟಿದ್ದರು. ವಿಮಾನ ನಿಲ್ದಾಣದ ದ್ವಾರದಿಂದ ಅಲ್ಲಿಗೆ ಸ್ಕೂಟರಿನ ಮೀಟರ್ ಒಂಬತ್ತು ಕಿಲೋಮೀಟರ್ ತೋರಿಸಿತ್ತು. ನಿಲ್ದಾಣದಿಂದ ಎಂಟು ಕಿಲೋಮೀಟರ್ ದಾಟಿದರೆ ತಗ್ಗಿನಲ್ಲಿ ಹಾರಿಸಬಹುದು ಎಂದು ಡ್ರೋನ್ ನಿಯಮದಲ್ಲಿ ಓದಿದ್ದೆ. ಅಲ್ಲಿಗೆ ಲೆಕ್ಕ ಸರಿಯಾಯಿತು ಎಂದುಕೊಂಡು ನಾಲ್ಕು ಭಾನುವಾರ ಹಾರಿಸಿದೆ.

ಲೆಕ್ಕ ಸರಿಯಾಗಿರಲಿಲ್ಲ. ನಮ್ಮ ಊರಿನ ರಸ್ತೆಗಳು ಗುಡ್ಡ ಬಳಸಿ, ಹೊಳೆಗೆ ಸೇತುವೆ ಇರುವಲ್ಲಿಗೆ ಸುತ್ತಿ ಹೋಗುತ್ತವೆ. ನಿಯಮ ಹೇಳುವುದು ನೇರ ಗೆರೆಯ ದೂರವನ್ನು. ಅದನ್ನು ಅಳೆಯಬೇಕಾದದ್ದು ಪ್ರಯಾಣಿಕರ ದ್ವಾರದಿಂದಲ್ಲ, ನಿಲ್ದಾಣದ ಆವರಣದ ಅಂಚಿನಿಂದ. ರನ್‌ವೇ ಒಂದೇ 2450 ಮೀಟರ್ ಉದ್ದವಿರುವಾಗ ದ್ವಾರಕ್ಕೂ ಅಂಚಿಗೂ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ರಾತ್ರಿ ಮೊಬೈಲಿನ ನಕ್ಷೆಯಲ್ಲಿ ಗೆರೆ ಎಳೆದು ನೋಡಿದಾಗ ಆರೂವರೆ ಕಿಲೋಮೀಟರ್ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಗದ್ದೆಯ ಯಜಮಾನರಿಗೆ ಫೋನ್ ಮಾಡಿ, ಇನ್ನು ಬರುವುದಿಲ್ಲ ಎಂದು ತಿಳಿಸಿದೆ.

2021ರ ಡ್ರೋನ್ ನಿಯಮಗಳಲ್ಲಿ ನಮ್ಮಂಥವರ ಮಾದರಿ ವಿಮಾನಗಳೂ ಸೇರುತ್ತವೆ. ನಾಲ್ಕು ರೆಕ್ಕೆಯ ಡ್ರೋನ್‌ಗೆ ಮಾತ್ರ ಅವು ಅನ್ವಯಿಸುತ್ತವೆ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ನಿಲ್ದಾಣದ ಅಂಚಿನಿಂದ ಐದು ಕಿಲೋಮೀಟರಿನೊಳಗೆ ಕೆಂಪು ವಲಯ, ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಏನನ್ನೂ ಹಾರಿಸುವಂತಿಲ್ಲ. ನಮ್ಮ ಮನೆ ಇರುವುದು ಇದರೊಳಗೆ. ಐದರಿಂದ ಎಂಟರವರೆಗೆ ಹಳದಿ, ಅಲ್ಲಿ ನೆಲದಿಂದಲೇ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. ನನ್ನ ಆ ನಾಲ್ಕು ಭಾನುವಾರಗಳು ಕಳೆದದ್ದು ಈ ಹಳದಿಯಲ್ಲಿ. ಎಂಟರಿಂದ ಹನ್ನೆರಡರವರೆಗೆ 200 ಅಡಿಯ ತನಕ, ಅದರಾಚೆ 400 ಅಡಿಯ ತನಕ ಹಸಿರು, ಅಂದರೆ ಹಾರಿಸಲು ಇಂಥ ಅನುಮತಿ ಬೇಕಿಲ್ಲ. ಬೇರೆ ಕಾರಣಕ್ಕೆ ನಿರ್ಬಂಧಿಸಿದ ಜಾಗಗಳೂ ಇರುವುದರಿಂದ ಹೊರಡುವ ದಿನ ಬೆಳಿಗ್ಗೆ ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮತ್ತೊಮ್ಮೆ ನೋಡಲೇಬೇಕು. ಕಳೆದ ವಾರ ಹಸಿರಿತ್ತು ಎಂಬುದು ಈ ವಾರಕ್ಕೆ ಸಾಲದು.

ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್ ಇಳಿಯುತ್ತದೆ. ರನ್‌ವೇಗೆ ಮೂರು ಕಿಲೋಮೀಟರ್ ಇರುವಾಗ ಅದು ರನ್‌ವೇ ಮಟ್ಟದಿಂದ ಸುಮಾರು 160 ಮೀಟರ್ ಮೇಲಿರುತ್ತದೆ. ನನ್ನ ಒಂದೂಕಾಲು ಕಿಲೋ ತೂಕದ ಥರ್ಮಕೋಲ್ ವಿಮಾನ ಅಷ್ಟು ಎತ್ತರಕ್ಕೆ ನಿರಾಯಾಸವಾಗಿ ಏರಬಲ್ಲದು. ಅದರ ಮೈ ಮೃದು ನಿಜ, ಆದರೆ ಒಳಗಿರುವ ಮೋಟಾರೂ ಬ್ಯಾಟರಿಯೂ ಮೃದುವಲ್ಲ. ಮಂಗಳೂರಿನದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ, ಎರಡೂ ತುದಿಯಾಚೆ ಕಮರಿ. 2010ರ ಮೇ 22ರ ಬೆಳಿಗ್ಗೆ ಇಲ್ಲಿ ಇಳಿದ ವಿಮಾನವೊಂದು ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಸತ್ತರು. ಆ ದುರಂತಕ್ಕೂ ನಮ್ಮ ಹವ್ಯಾಸಕ್ಕೂ ಸಂಬಂಧವಿಲ್ಲ. ಆದರೂ ಆ ದಿನವನ್ನು ಕಂಡ ಊರಿನವನಾಗಿ, ಇಲ್ಲಿ ಇಳಿಯುವ ಪೈಲಟ್‌ನ ಕಣ್ಣು ಒಂದು ಕ್ಷಣ ನನ್ನ ಆಟಿಕೆಯ ಕಡೆ ಹೊರಳುವುದನ್ನೂ ನಾನು ಸಹಿಸಲಾರೆ.

ದೂರದ ನಂತರ ನನ್ನನ್ನು ಮೋಸಗೊಳಿಸಿದ್ದು ಎತ್ತರ. ಮೂಲ್ಕಿಯ ಬಯಲಿನಲ್ಲಿ ಹಾರಿಸತೊಡಗಿದ ಮೇಲೆ ಎತ್ತರ ಅಳೆಯುವ ಸಣ್ಣ ಸೆನ್ಸರ್ ಹಾಕಿಸಿದೆ. ಐವತ್ತು ಮೀಟರ್ ಇರಬಹುದು ಎಂದುಕೊಂಡಿದ್ದಾಗ ಅದು 95 ಎಂದು ತೋರಿಸಿತು. ಬರಿಯ ಆಕಾಶದಲ್ಲಿ ಕಣ್ಣಿಗೆ ಹೋಲಿಕೆಗೆ ಏನೂ ಸಿಗುವುದಿಲ್ಲ. ಸೆನ್ಸರ್ ಇಲ್ಲದ ಗೆಳೆಯರಿಗೆ ನಾನು ಹೇಳುವುದು ತೆಂಗಿನ ಮರದ ಲೆಕ್ಕ. ಇಪ್ಪತ್ತು ಮೀಟರಿನ ಹಳೆಯ ಮರ ಒಂದನ್ನು ಗುರುತಿಟ್ಟುಕೊಂಡು, ಅದರ ಮೂರು ಪಟ್ಟು ಎಂದರೆ 200 ಅಡಿ ಮುಗಿಯಿತು ಎಂದು ತಿಳಿಯಿರಿ. ನನ್ನ ಕೈಯಲ್ಲಿರುವ ಟ್ರಾನ್ಸ್‌ಮಿಟರ್ 100 ಮೀಟರಿಗೇ ಕೂಗುವಂತೆ ಹೊಂದಿಸಿದ್ದೇನೆ. ಮೂಲ್ಕಿಯ 400 ಅಡಿಯ ಮಿತಿಗೆ ಇನ್ನೂ ಇಪ್ಪತ್ತು ಮೀಟರ್ ಉಳಿದಿರುತ್ತದೆ.

ಗಾಳಿಯ ವಿಷಯ ಕರಾವಳಿಯವರಿಗೆ ಹೊಸದಲ್ಲ. ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವ ಗಾಳಿ ಹೊತ್ತೇರಿದಂತೆ ತಿರುಗಿ ಕಡಲಿನಿಂದ ಒಳನಾಡಿಗೆ ನುಗ್ಗುತ್ತದೆ. ಮೂಲ್ಕಿಯಿಂದ ನೋಡಿದರೆ ವಿಮಾನ ನಿಲ್ದಾಣ ಇರುವುದು ಆಗ್ನೇಯಕ್ಕೆ, ಅಂದರೆ ಮಧ್ಯಾಹ್ನದ ವಾಯವ್ಯ ಗಾಳಿ ತಳ್ಳುವ ದಿಕ್ಕಿಗೇ. ಹಿಡಿತ ತಪ್ಪಿದ ವಿಮಾನ ಆ ಕಡೆಗೇ ತೇಲುತ್ತದೆ. ಹಾಗಾಗಿ ಆರೂಮುಕ್ಕಾಲಕ್ಕೆ ಶುರುಮಾಡಿ ಎಂಟೂವರೆಗೆ ಗಂಟುಮೂಟೆ ಕಟ್ಟುತ್ತೇನೆ.

ಹಿಡಿತ ತಪ್ಪಿದರೆ ಏನಾಗಬೇಕು ಎಂಬುದನ್ನು ನೆಲದ ಮೇಲೆಯೇ ತೀರ್ಮಾನಿಸಿರಬೇಕು. ಸಿಗ್ನಲ್ ಕಡಿದಾಗ ಮೋಟಾರು ನಿಂತು ಬಾಲದ ರಡ್ಡರ್ ಸ್ವಲ್ಪ ಎಡಕ್ಕೆ ತಿರುಗುವಂತೆ ವಿಮಾನದೊಳಗಿನ ರಿಸೀವರ್‌ನ ಫೇಲ್‌ಸೇಫ್ ಹೊಂದಿಸಿದ್ದೇನೆ. ವಿಮಾನ ನೇರ ಓಡಿಹೋಗದೆ ಸುತ್ತುತ್ತ ಬಯಲಿನಲ್ಲಿಯೇ ಬೀಳುತ್ತದೆ. ಬಿದ್ದು ಮುರಿಯಲಿ, ಹಾರಿ ಹೋಗುವುದು ಬೇಡ. ಪ್ರತಿ ಸಲ ಮನೆಯಲ್ಲಿ ಪ್ರೊಪೆಲ್ಲರ್ ಬಿಚ್ಚಿ, ಟ್ರಾನ್ಸ್‌ಮಿಟರ್ ಆರಿಸಿ ಇದನ್ನು ಪರೀಕ್ಷಿಸುತ್ತೇನೆ. ಬಯಲಿನಲ್ಲಿ ಮೂವತ್ತು ಹೆಜ್ಜೆ ದೂರ ನಿಂತು ಕಡಿಮೆ ಶಕ್ತಿಯಲ್ಲಿ ಸಿಗ್ನಲ್ ತಲುಪುತ್ತದೆಯೇ ಎಂದು ನೋಡುತ್ತೇನೆ.

ಜೊತೆಗೆ ಒಬ್ಬರು ಬೇಕೇ ಬೇಕು. ಹಾರಿಸುವವನ ಕಣ್ಣು ತನ್ನ ವಿಮಾನಕ್ಕೆ ಅಂಟಿಕೊಂಡಿರುತ್ತದೆ, ಕಿವಿಯೂ ಅದರ ಮೋಟಾರಿಗೇ. ನನಗೆ ಕಾವಲು ನಿಲ್ಲುವವಳು ಹೈಸ್ಕೂಲಿನಲ್ಲಿ ಓದುವ ಮಗಳು. ಅವಳು ನನಗೆ ಬೆನ್ನು ಹಾಕಿ ನಿಂತು ಉಳಿದ ಆಕಾಶವನ್ನು ನೋಡುತ್ತಾಳೆ. ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ “ಅಪ್ಪಾ, ಇಳಿಸಿ” ಎಂದಳು. ಏನು, ಎಲ್ಲಿ ಎಂದು ಕೇಳಬಾರದು ಎಂಬುದು ನಮ್ಮ ಒಪ್ಪಂದ. ಮೋಟಾರಿನ ಥ್ರೋಟಲ್ ಪೂರ್ತಿ ಇಳಿಸಿ, ಗಾಳಿಯ ದಿಕ್ಕನ್ನೂ ನೋಡದೆ ಎದುರಿದ್ದ ಕೊಯ್ದ ಗದ್ದೆಗೆ ವಿಮಾನವನ್ನು ಇಳಿಸಿದೆ. ಬದುವಿಗೆ ತಗುಲಿ ಮುಂದಿನ ಚಕ್ರದ ಸರಿಗೆ ಕಿತ್ತು ಬಂತು. ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ತೆಂಗಿನ ತೋಟದ ಹಿಂದಿನಿಂದ ಒಂದು ಹೆಲಿಕಾಪ್ಟರ್, ನಾನು ಊಹಿಸಿದ್ದಕ್ಕಿಂತ ಬಹಳ ತಗ್ಗಿನಲ್ಲಿ, ಕರಾವಳಿಯ ಗುಂಟ ಉತ್ತರಕ್ಕೆ ಹೋಯಿತು. ಅವಳು ಕೂಗಿದಾಗ ನನಗೆ ಅದರ ಶಬ್ದ ಕೇಳಿಸಿರಲೇ ಇಲ್ಲ.

ಆ ಸರಿಗೆಯನ್ನು ಸೈಕಲ್ಲಿನ ಕಡ್ಡಿ ಬಗ್ಗಿಸಿ ಹೊಸದಾಗಿ ಮಾಡಿಕೊಂಡೆ. ಈಗ ಪ್ರತಿ ಭಾನುವಾರ ಮೊದಲ ಹಾರಾಟದಲ್ಲಿ ಮಗಳು ತನಗೆ ತೋಚಿದ ಗಳಿಗೆಯಲ್ಲಿ, ಕಾರಣವಿಲ್ಲದೆ ಒಂದು ಸಲ “ಇಳಿಸಿ” ಎನ್ನುತ್ತಾಳೆ. ಗಡಿಯಾರ ಅವಳ ಕೈಯಲ್ಲಿರುತ್ತದೆ. ಕಳೆದ ವಾರ ನೆಲ ಮುಟ್ಟಲು ಹನ್ನೊಂದು ಸೆಕೆಂಡು ಹಿಡಿಯಿತು.