ಬೆನ್ನಿಗೆ ಅಕ್ಕಿ ಚೀಲ, ಕೈಗೆ ಇಂಗ್ರೆಸ್: ಎಂಟು ಜನರ ತ್ರಿಕೋನ ನಡಿಗೆ

ಅಮೆರಿಕದ ಇಂಡಿಯನ್ ಅಂಗಡಿಗಳಲ್ಲಿ ಸೋನಾಮಸೂರಿ ಅಕ್ಕಿ 20 ಪೌಂಡಿನ ಚೀಲದಲ್ಲಿ ಸಿಗುತ್ತದೆ. ಹತ್ತಿರ ಹತ್ತಿರ 9 ಕಿಲೋ. ಕಾರಿನಿಂದ ಅಡುಗೆಮನೆಗೆ ತರುವಷ್ಟರಲ್ಲೇ ಉಸ್ಸಪ್ಪಾ ಅನ್ನಿಸುವ ತೂಕ. ಅದನ್ನು ಬೆನ್ನಿಗೇರಿಸಿಕೊಂಡು ವಾಷಿಂಗ್ಟನ್ ಡಿ.ಸಿ.ಯಲ್ಲಿ 10 ಕಿಲೋಮೀಟರ್ ನಡೆಯುವುದು, ಜೊತೆಗೆ ಮೊಬೈಲ್ ಆಟವನ್ನೂ ಆಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಹುಚ್ಚಾಟ ಅನ್ನಿಸಿದರೆ ತಪ್ಪಿಲ್ಲ. ಫೋನಿನಲ್ಲಿ ಅಮ್ಮ ಹೇಳಿದ್ದೂ ಅದನ್ನೇ.

ಹೊರೆ ಹೊತ್ತು ನಡೆಯುವುದಕ್ಕೆ ಇಲ್ಲಿ ರಕ್ಕಿಂಗ್ ಅನ್ನುತ್ತಾರೆ. ರಕ್ ಅಂದರೆ ಸೈನಿಕರ ಬೆನ್ನುಚೀಲ. ಅಮೆರಿಕ ಸೇನೆಯ ಸ್ಪೆಷಲ್ ಫೋರ್ಸಸ್‌ನಲ್ಲಿದ್ದ ಜೇಸನ್ ಮೆಕಾರ್ಥಿ 2008ರಲ್ಲಿ ಶುರು ಮಾಡಿದ ಗೋರಕ್ ಸಂಸ್ಥೆ ಇದನ್ನು ತಂಡದ ಸವಾಲಾಗಿ ಮಾಡಿತು. ಅದರಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. ತಂಡ ಒಟ್ಟಿಗೆ ಹೊರಡಬೇಕು, ಒಟ್ಟಿಗೇ ಮುಗಿಸಬೇಕು. ‘ಟಫ್’ ಅನ್ನುವ ಸವಾಲು 10–12 ಗಂಟೆಯದು. ಕ್ಯಾಡ್ರೆ ಎಂದು ಕರೆಯುವ ಮಾಜಿ ಸೈನಿಕರೊಬ್ಬರು ಮುಂದೆ ನಿಂತು, ಬೆನ್ನಿನ ಹೊರೆ ಸಾಲದು ಅಂತ ಮರದ ದಿಮ್ಮಿ, ಮರಳು ಚೀಲಗಳನ್ನೂ ಹೊರಿಸುತ್ತಾರೆ. ಈ ಹೆಚ್ಚುವರಿ ಹೊರೆಗೆ ಅವರಿಟ್ಟ ಹೆಸರು ‘ಕೂಪನ್’!

ಇನ್ನು ಆಟ. ಪೋಕೆಮಾನ್ ಗೋ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 2012ರಲ್ಲಿ, ಆಗ ಗೂಗಲ್‌ನೊಳಗಿದ್ದ ನಯಾಂಟಿಕ್ ತಂಡ ಇಂಗ್ರೆಸ್ ಎಂಬ ಆಟ ತಂದಿತು. ಊರಿನ ಪ್ರತಿಮೆ, ಸ್ಮಾರಕ, ಕಾರಂಜಿಗಳೆಲ್ಲ ಇದರಲ್ಲಿ ‘ಪೋರ್ಟಲ್’. ನೀವು ನಿಜವಾಗಿಯೂ ಅದರ 40 ಮೀಟರ್ ಒಳಗೆ ಹೋಗಿ ನಿಲ್ಲಬೇಕು. ಪೋರ್ಟಲ್ ಹಿಡಿಯಲು ಆಟದಲ್ಲಿ ಸಿಗುವ ವಸ್ತು ‘ರೆಸೊನೇಟರ್’. ಅಂಥವು ಎಂಟು ಹಾಕಿದರೆ ಪೋರ್ಟಲ್ ಪೂರ್ತಿ ನಿಮ್ಮದು. ಎರಡು ಪೋರ್ಟಲ್‌ಗಳ ನಡುವೆ ಗೆರೆ ಎಳೆದರೆ ‘ಲಿಂಕ್’. ಮೂರು ಲಿಂಕ್ ಸೇರಿ ತ್ರಿಕೋನವಾದರೆ ‘ಫೀಲ್ಡ್’. ಹಸಿರಿನ ಎನ್‌ಲೈಟನ್ಡ್, ನೀಲಿಯ ರೆಸಿಸ್ಟೆನ್ಸ್ ಎಂದು ಆಟಗಾರರದ್ದು ಎರಡೇ ಬಣ. ಇಂಗ್ರೆಸ್ ಆಟಗಾರರಿಗಾಗಿಯೇ ಗೋರಕ್ ಅಮೆರಿಕದಲ್ಲಿ ಹಿಂದೆ ಸವಾಲುಗಳನ್ನು ನಡೆಸಿದ್ದೂ ಉಂಟು. ಹಾಗಾಗಿ ಇದು ನಮ್ಮ ತಲೆಯಲ್ಲೇ ಹುಟ್ಟಿದ್ದು ಅಂತ ನಾನೇನೂ ಹೇಳುವುದಿಲ್ಲ.

ಮೊದಲ ಸಲ ಕೆಟ್ಟಿದ್ದು ಎಲ್ಲಿ?

ನಾವು ಆರು ಜನ ಹೋಗಿದ್ದೆವು. ಜೋರಾಗಿ ನಡೆಯುವ ಇಬ್ಬರು ಮುಂದೆ ಹೋಗಿ ಪೋರ್ಟಲ್ ಹಿಡಿದು, ಲಿಂಕ್ ಎಳೆದು, ಬೆಂಚಿನ ಮೇಲೆ ಕುಳಿತು ಚಿಪ್ಸ್ ತಿನ್ನುತ್ತಿದ್ದರು. ಉಳಿದ ನಾವು ಇಪ್ಪತ್ತು ನಿಮಿಷ ತಡವಾಗಿ, ಮರಳು ಚೀಲ ಎಳೆದುಕೊಂಡು ತಲುಪಿದಾಗ ಮಾಡಲು ಏನೂ ಉಳಿದಿರಲಿಲ್ಲ. ಆಡಿದವರು ಧಣಿಗಳು, ಹೊತ್ತವರು ಕೂಲಿಗಳು ಅನ್ನುವಂತಾಯಿತು. ಧರ್ಮಸ್ಥಳಕ್ಕೆ ಪಾದಯಾತ್ರೆ ಹೋದವರಿಗೆ ಇದು ಗೊತ್ತು. ಮುಂದೆ ಓಡಿದವನು ಛತ್ರದಲ್ಲಿ ಜಾಗ ಹಿಡಿದು ಮಲಗಿರುತ್ತಾನೆ, ಹಿಂದಿನವರಿಗೆ ಕಂಬದ ಬುಡವೇ ಗತಿ.

ಆಮೇಲೆ ಹೊಳೆದದ್ದು ಇಷ್ಟು. ಎಲ್ಲರಿಗಿಂತ ನಿಧಾನ ನಡೆಯುವವರು ಬರುವ ತನಕ ಆಟ ಮುಂದಕ್ಕೆ ಹೋಗಲೇಬಾರದು. ಕೆಳಗಿನ ಎಲ್ಲ ನಿಯಮಗಳೂ ಇದಕ್ಕಾಗಿಯೇ.

ಎಂಟು ಜನ, ಒಂದೇ ಬಣ್ಣ

ಎಂಟು ಜನರನ್ನು ಸೇರಿಸಿ. ಪೋರ್ಟಲ್‌ಗೆ ರೆಸೊನೇಟರ್ ಎಂಟೇ ಅಲ್ವಾ, ಒಬ್ಬರಿಗೆ ಒಂದೇ ಅಂತ ನಿಯಮ ಮಾಡಿ. ಆಟದಲ್ಲಿ ಈ ನಿಯಮ ಎಂಟನೇ ಲೆವೆಲ್‌ನ ರೆಸೊನೇಟರ್‌ಗೆ ಹೇಗೂ ಇದೆ: ಒಂದು ಪೋರ್ಟಲ್‌ಗೆ ಒಬ್ಬರು ಒಂದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಆದರೆ ಅದನ್ನು ಹಾಕಲು ಆಟಗಾರರೂ ಎಂಟನೇ ಲೆವೆಲ್ ಮುಟ್ಟಿರಬೇಕು, ಅದಕ್ಕೆ 12 ಲಕ್ಷ ಅಂಕ ಬೇಕು. ಹೊಸಬರಿಗೆ ಅದು ಆಗದ ಮಾತು. ನಮ್ಮ ನಡಿಗೆಗೆ ಮೂರನೇ ಲೆವೆಲ್ ಸಾಕು. ಅದಕ್ಕೆ 20,000 ಅಂಕ. ಎರಡು ಮೂರು ಸಂಜೆ ಪಾರ್ಕಿನಲ್ಲಿ ಸುತ್ತಿದರೆ ಆಗುತ್ತದೆ.

ಎಲ್ಲರೂ ಒಂದೇ ಬಣದವರಾಗಿರಬೇಕು. ಹಸಿರಿನ ಪೋರ್ಟಲ್‌ಗೆ ನೀಲಿಯವರು ರೆಸೊನೇಟರ್ ಹಾಕಲು ಬರುವುದಿಲ್ಲ. ಗಂಡ ಹಸಿರು, ಹೆಂಡತಿ ನೀಲಿ ಆಗಿದ್ದರೆ ಮನೆಯಲ್ಲೇ ಬಗೆಹರಿಸಿಕೊಂಡು ಬನ್ನಿ.

ತ್ರಿಕೋನ ಹಾಕುವುದು

ನಾವು ಆರಿಸಿದ ಮೂರು ಮೂಲೆಗಳು: ಲಿಂಕನ್ ಸ್ಮಾರಕ, ಕ್ಯಾಪಿಟಲ್ (ಅಮೆರಿಕದ ಸಂಸತ್ ಭವನ) ಎದುರಿನ ಗ್ರಾಂಟ್ ಸ್ಮಾರಕ, ಭಾರತದ ರಾಯಭಾರ ಕಚೇರಿಯ ಎದುರಿಗಿರುವ ಗಾಂಧಿ ಪ್ರತಿಮೆ. ಲಿಂಕನ್‌ನಿಂದ ಗ್ರಾಂಟ್‌ಗೆ ನ್ಯಾಷನಲ್ ಮಾಲ್‌ನ (ಅಂಗಡಿಗಳ ಮಾಲ್ ಅಲ್ಲ, ಸ್ಮಾರಕಗಳಿರುವ ಉದ್ದನೆಯ ಮೈದಾನ) ಉದ್ದಕ್ಕೂ ನೇರವಾಗಿ ಸುಮಾರು 3 ಕಿಲೋಮೀಟರ್. ಅಲ್ಲಿಂದ ಗಾಂಧಿ ಪ್ರತಿಮೆಗೆ ಊರೊಳಗಿನ ರಸ್ತೆಗಳಲ್ಲಿ ನಾಲ್ಕೂವರೆ. ಮತ್ತೆ ಲಿಂಕನ್‌ಗೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ. ನಕ್ಷೆಯಲ್ಲಿ ಗೆರೆ ಎಳೆದು ನೋಡಿದರೆ ಶ್ವೇತಭವನ ಈ ತ್ರಿಕೋನದ ಒಳಗೆ ಬೀಳುತ್ತದೆ. ಈ ದಾರಿಯನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ, ಸುಳ್ಳೇಕೆ ಹೇಳಲಿ.

ಲಿಂಕ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಪೋರ್ಟಲ್‌ನ ಲೆವೆಲ್ ಮೇಲೆ ನಿಂತಿದೆ. ಲೆವೆಲ್ ಅಂದರೆ ಎಂಟೂ ರೆಸೊನೇಟರ್‌ಗಳ ಸರಾಸರಿ. ಮೊದಲ ಲೆವೆಲ್‌ಗೆ 160 ಮೀಟರ್ ಅಷ್ಟೇ. ಎರಡನೆಯದಕ್ಕೆ 2.56 ಕಿಲೋಮೀಟರ್, ಮೂರನೆಯದಕ್ಕೆ ಸುಮಾರು 13. ಗ್ರಾಂಟ್‌ನಿಂದ ಲಿಂಕನ್‌ಗೆ ಎರಡನೇ ಲೆವೆಲ್ ಸಾಲದು. ಎಂಟರಲ್ಲಿ ಒಬ್ಬರು ಎರಡನೇ ಲೆವೆಲ್‌ನ ರೆಸೊನೇಟರ್ ಹಾಕಿದರೆ ಸರಾಸರಿ ಸ್ವಲ್ಪ ಇಳಿಯುತ್ತದೆ, ಅಷ್ಟೇ.

ಹಿಂದಿನ ರಾತ್ರಿ ಇಂಗ್ರೆಸ್‌ನ ಇಂಟೆಲ್ ನಕ್ಷೆಯನ್ನು (ಪೋರ್ಟಲ್, ಲಿಂಕ್ ಎಲ್ಲ ತೋರಿಸುವುದು) ಕಂಪ್ಯೂಟರಿನಲ್ಲಿ ತೆರೆದು ನೋಡಿ. ಲಿಂಕ್‌ಗಳು ಒಂದನ್ನೊಂದು ದಾಟುವಂತಿಲ್ಲ. ಎದುರು ಬಣದವರ ಒಂದೇ ಒಂದು ಗೆರೆ ಮಾಲ್‌ಗೆ ಅಡ್ಡ ಬಿದ್ದಿದ್ದರೂ ನಿಮ್ಮ ಲಿಂಕ್ ಹೋಗುವುದಿಲ್ಲ. ಆ ಗೆರೆಯ ಒಂದು ತುದಿಯ ಪೋರ್ಟಲ್ ಒಡೆಯಬೇಕು. ಅದಕ್ಕೆ ಬರ್ಸ್ಟರ್‌ಗಳನ್ನು (ಪೋರ್ಟಲ್ ಒಡೆಯುವ ಆಟದ ಅಸ್ತ್ರ) ಮೊದಲೇ ಕೂಡಿಸಿಟ್ಟುಕೊಳ್ಳಿ.

ಕೀ ಯಾರ ಕೈಯಲ್ಲಿ?

ಲಿಂಕ್ ಎಳೆಯಲು ಆಚೆ ತುದಿಯ ಪೋರ್ಟಲ್‌ನ ‘ಕೀ’ ಬೇಕು. ಪೋರ್ಟಲ್ ಹತ್ತಿರ ನಿಂತು ‘ಹ್ಯಾಕ್’ ಮಾಡಿದರೆ, ಅಂದರೆ ಅದರಿಂದ ಆಟದ ವಸ್ತು ಪಡೆದರೆ, ಸಾಮಾನ್ಯವಾಗಿ ಕೀಯೂ ಸಿಗುತ್ತದೆ. ಲಿಂಕ್ ಎಳೆದ ಮೇಲೆ ಅದು ಖರ್ಚಾಗುತ್ತದೆ. ಲೆಕ್ಕ ಹೀಗೆ: ಗ್ರಾಂಟ್‌ನಲ್ಲಿ ನಿಂತು ಲಿಂಕನ್‌ಗೆ ಒಂದು ಲಿಂಕ್. ಗಾಂಧಿ ಪ್ರತಿಮೆಯ ಹತ್ತಿರ ನಿಂತು ಲಿಂಕನ್‌ಗೆ ಒಂದು, ಗ್ರಾಂಟ್‌ಗೆ ಒಂದು. ಅಂದರೆ ಲಿಂಕನ್ ಕೀ ಎರಡು, ಗ್ರಾಂಟ್ ಕೀ ಒಂದು. ಒಂದು ಪೋರ್ಟಲ್‌ನ ಕೀ ನಿಮ್ಮ ಹತ್ತಿರ ಇರುವಾಗ ಅದೇ ಪೋರ್ಟಲ್ ಹ್ಯಾಕ್ ಮಾಡಿದರೆ ಸಾಮಾನ್ಯವಾಗಿ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಎರಡು ಲಿಂಕನ್ ಕೀಗಳು ಇಬ್ಬರ ಹತ್ತಿರ ಇರುವುದೇ ಸರಿ. ಒಮ್ಮೆ ಹ್ಯಾಕ್ ಮಾಡಿದ ಮೇಲೆ ಮತ್ತೆ ಮಾಡಲು ಸ್ವಲ್ಪ ಹೊತ್ತು ಕಾಯಬೇಕು ಅನ್ನುವುದೂ ನೆನಪಿರಲಿ.

ಈಗ ಮುಖ್ಯ ವಿಷಯ. ಕೀಗಳನ್ನು ನಿಧಾನ ನಡೆಯುವವರಿಗೆ ಕೊಡಿ. ಆಟದಲ್ಲಿ ಕೀಯನ್ನು ಕೆಳಗೆ ಹಾಕಬಹುದು, ಇನ್ನೊಬ್ಬರು ಎತ್ತಿಕೊಳ್ಳಬಹುದು. ಅದರಿಂದ ಇದು ಸುಲಭ. ನಮ್ಮ ತಂಡದಲ್ಲಿ ಮಂಡಿನೋವಿನ ಒಬ್ಬರಿದ್ದರು. ಎರಡನೇ ಸಲ ಗ್ರಾಂಟ್ ಮೂಲೆಯ ಕೀ ಅವರದ್ದೇ. ಅವರು ಬರದೆ ಲಿಂಕ್ ಇಲ್ಲ, ಲಿಂಕ್ ಇಲ್ಲದೆ ಫೀಲ್ಡ್ ಇಲ್ಲ. ಮೊದಲ ಸಲ ಚಿಪ್ಸ್ ತಿಂದ ಇಬ್ಬರೂ ಈ ಸಲ ಅವರ ಚೀಲದಿಂದ ಐದು ಪೌಂಡ್ ಅಕ್ಕಿ ತೆಗೆದು ತಮ್ಮದಕ್ಕೆ ತುಂಬಿಕೊಂಡರು. ಯಾರೂ ಹೇಳಲಿಲ್ಲ.

ಹೊರೆ ಕಟ್ಟುವುದು

ಗೋರಕ್ ಲೆಕ್ಕದಲ್ಲಿ 150 ಪೌಂಡಿಗಿಂತ, ಅಂದರೆ 68 ಕಿಲೋಗಿಂತ ಕಡಿಮೆ ತೂಕದವರಿಗೆ 20 ಪೌಂಡ್, ಅದಕ್ಕಿಂತ ಜಾಸ್ತಿ ಇದ್ದವರಿಗೆ 30. ಮೊದಲ ಸಲವಾದರೆ ನಿಮ್ಮ ತೂಕದ ಹತ್ತನೇ ಒಂದು ಭಾಗ ಹೊತ್ತರೆ ಸಾಕು. ಬೆನ್ನು, ಮಂಡಿ ನೋವಿದ್ದವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ಅಕ್ಕಿಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಹಳೆಯ ಟವೆಲ್ ಸುತ್ತಿ. ಹೊರೆ ಬೆನ್ನಿಗೆ ಅಂಟಿಕೊಂಡಂತೆ, ಭುಜಗಳ ನಡುವೆ ಇರಬೇಕು. ಚೀಲದ ತಳಕ್ಕೆ ಜಾರಿದರೆ ಸೊಂಟ ಹಿಡಿಯುತ್ತದೆ. ಕಾಲುಚೀಲ ಉಣ್ಣೆಯದಿರಲಿ. ಹತ್ತಿಯದು ಬೆವರಿಗೆ ನೆನೆದು ಕಾಲಿಗೆ ಬೊಕ್ಕೆ ತರುತ್ತದೆ.

ಕವರ್ ಪಾರದರ್ಶಕವಾಗಿರಲಿ. ಕಪ್ಪು ಟೇಪ್ ಸುತ್ತಿದ ಗಟ್ಟಿ ಗಂಟು ಹೊತ್ತ ಎಂಟು ಜನ ಕ್ಯಾಪಿಟಲ್ ಹತ್ತಿರ ಗುಂಪಾಗಿ ನಿಂತು ಫೋನ್ ನೋಡುತ್ತಿದ್ದರೆ ಯಾರಿಗಾದರೂ ಅನುಮಾನ ಬಾರದೇ? ಪೊಲೀಸರೊಬ್ಬರು ಬಂದು ಕೇಳಿದಾಗ ಅಕ್ಕಿ ತೋರಿಸಿದೆವು. ನಕ್ಕು ಹೋದರು. ಚೀಲ ಕೆಳಗಿಟ್ಟು ದೂರ ಹೋಗುವುದಂತೂ ಬೇಡವೇ ಬೇಡ. ಗೆಳೆಯರು ಸೇರಿ ನಡೆಯುವುದು ಬೇರೆ, ಶುಲ್ಕ ತೆಗೆದುಕೊಂಡು ಕಾರ್ಯಕ್ರಮ ಅಂತ ಮಾಡುವುದು ಬೇರೆ. ಎರಡನೆಯದಾದರೆ ಮಾಲ್ ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪರ್ಮಿಟ್ ವಿಚಾರಿಸಿ.

ಉಳಿದಂತೆ ನೀರು, ಪವರ್ ಬ್ಯಾಂಕ್ (ಜಿಪಿಎಸ್ ಆಟ ಬ್ಯಾಟರಿಯನ್ನು ಕುಡಿದುಬಿಡುತ್ತದೆ), ಗುರುತಿನ ಚೀಟಿ, 20 ಡಾಲರ್. ಈ 20 ಡಾಲರ್ ಗೋರಕ್‌ನವರ ಪಟ್ಟಿಯಲ್ಲೂ ಇದೆ. ಅರ್ಧಕ್ಕೆ ಕೈಬಿಟ್ಟವರು ಮನೆ ಸೇರಲಿ ಅಂತ. ಗಾಂಧಿ ಪ್ರತಿಮೆಯ ಹತ್ತಿರವೇ ಡುಪಾಂಟ್ ಸರ್ಕಲ್ ಮೆಟ್ರೊ ಇರುವುದರಿಂದ ಆ ಆಸೆ ಹುಟ್ಟುವುದೂ ಅಲ್ಲಿಯೇ.

ನಡೆಯುವಾಗ

ಒಂದು ನಿಯಮ ಮಾತ್ರ ಕಟ್ಟುನಿಟ್ಟು: ನಡೆಯುವಾಗ ಫೋನ್ ಜೇಬಿನಲ್ಲಿ, ನಿಂತಾಗ ಮಾತ್ರ ಕೈಯಲ್ಲಿ. ಬೆನ್ನ ಮೇಲೆ ಹೊರೆ ಇರುವಾಗ ತಲೆ ತಗ್ಗಿಸಿ ನಡೆದರೆ ಕುತ್ತಿಗೆ ಹಿಡಿಯುತ್ತದೆ, ರಸ್ತೆ ದಾಟುವಾಗ ಜೀವಕ್ಕೇ ಅಪಾಯ. ನಿಯಮ ಮುರಿದವರಿಗೆ ಕೂಪನ್, ಅಂದರೆ 40 ಪೌಂಡಿನ ಮರಳು ಚೀಲ, ಮುಂದಿನ ಹತ್ತು ನಿಮಿಷ. ಯಾರೂ ಮುರಿಯದಿದ್ದರೆ ಸರದಿಯ ಮೇಲೆ ಹೊರಿ. ನಮ್ಮಲ್ಲಿ ಸರದಿಗೆ ಅವಕಾಶವೇ ಬರಲಿಲ್ಲ.

ಲಿಂಕನ್ ಸ್ಮಾರಕದ ಪಕ್ಕದಲ್ಲೇ ಕೊರಿಯಾ ಯುದ್ಧದ ಸ್ಮಾರಕ ಇದೆ. ಮಳೆ ಅಂಗಿ ಹೊದ್ದ 19 ಸೈನಿಕರ ಪ್ರತಿಮೆಗಳು ಕುರುಚಲು ಪೊದೆಗಳ ನಡುವೆ ನಡೆದುಹೋಗುತ್ತಿರುವಂತೆ ನಿಂತಿವೆ. ಹೊದಿಕೆಯ ಕೆಳಗೆ ಬೆನ್ನಿನ ಹೊರೆ ಉಬ್ಬಿರುವುದು ಕಾಣುತ್ತದೆ. ನಮ್ಮ ಗಲಾಟೆ ಅಲ್ಲಿ ತಾನಾಗಿ ನಿಂತಿತು. ಸ್ಮಾರಕಗಳ ಬಳಿ ಕೂಗಾಟ, ಕಸರತ್ತು ಬೇಡ. ಪೋರ್ಟಲ್ ಇದ್ದ ಕಡೆಯೆಲ್ಲ ಆಡಲೇಬೇಕು ಅಂತಿಲ್ಲ. 2016ರಲ್ಲಿ ಮಾಲ್ ಪಕ್ಕದ ಹಾಲೊಕಾಸ್ಟ್ ಮ್ಯೂಸಿಯಂ, ಒಳಗೆ ಪೋಕೆಮಾನ್ ಹಿಡಿಯಬೇಡಿ ಅಂತ ಜನರನ್ನು ಕೇಳಿಕೊಳ್ಳಬೇಕಾಯಿತು.

ಗಾಂಧಿ ಪ್ರತಿಮೆ ಕೋಲು ಹಿಡಿದು ಮುಂದಕ್ಕೆ ಹೆಜ್ಜೆ ಇಟ್ಟ ಭಂಗಿಯಲ್ಲಿದೆ. 1930ರ ದಂಡಿ ಯಾತ್ರೆಯಲ್ಲಿ ಅವರ ಜೊತೆ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು. 24 ದಿನ, ಸುಮಾರು 385 ಕಿಲೋಮೀಟರ್. ಏಳೂವರೆ ಕಿಲೋಮೀಟರಿಗೇ ಕಾಲು ಉಜ್ಜುತ್ತಾ ಕುಳಿತಿದ್ದ ನಮ್ಮಲ್ಲಿ ಹಾವೇರಿಯ ಗೆಳೆಯ ಇದನ್ನು ಹೇಳಿದ್ದೇ ತಡ, ಮೆಟ್ರೊ ಕಡೆ ನೋಡುತ್ತಿದ್ದವರು ಷೂ ಲೇಸ್ ಕಟ್ಟಿಕೊಂಡರು.

ಅಲ್ಲಿ ಮೊದಲು ಎಂಟು ರೆಸೊನೇಟರ್, ಆಮೇಲೆ ಲಿಂಕನ್‌ಗೆ ಲಿಂಕ್, ಕೊನೆಗೆ ಗ್ರಾಂಟ್‌ಗೆ. ಮೂರನೇ ಗೆರೆ ಸೇರಿದ ಕೂಡಲೇ ತ್ರಿಕೋನ ಬಣ್ಣ ತುಂಬಿಕೊಳ್ಳುತ್ತದೆ. ಆದರೆ ಅಂಕಪಟ್ಟಿಗೆ ಅದು ಸೇರುವುದು ಚೆಕ್‌ಪಾಯಿಂಟ್ ಹೊತ್ತಿಗೆ. ಐದು ಗಂಟೆಗೊಮ್ಮೆ ಬರುವ ಆ ಕ್ಷಣದಲ್ಲಿ ಫೀಲ್ಡ್ ಇನ್ನೂ ನಿಂತಿರಬೇಕು. ತೀರಾ ಬೇಗ ಮುಗಿಸಿದರೆ ಎದುರು ಬಣದವರಿಗೆ ಒಡೆಯಲು ಸಮಯ ಸಿಗುತ್ತದೆ, ತಡವಾದರೆ ಲೆಕ್ಕಕ್ಕೇ ಇಲ್ಲ. ನಿಲುಗಡೆ ಸೇರಿಸಿ ಇಡೀ ಸುತ್ತಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಚೆಕ್‌ಪಾಯಿಂಟ್‌ಗೆ ಒಂದು ಗಂಟೆ ಮುಂಚೆ ಗಾಂಧಿ ಪ್ರತಿಮೆ ತಲುಪುವಂತೆ ಲೆಕ್ಕ ಹಾಕಿ ಹೊರಡಿ.

ಕೊನೆಯ ಎರಡೂವರೆ ಕಿಲೋಮೀಟರಿನಲ್ಲಿ ಆಟ ಇಲ್ಲ, ಹೊರೆ ಮಾತ್ರ. ಸ್ಮಾರಕದ ಎದುರಿನ ಕೊಳದ ಕಡೆಯಿಂದ ಲಿಂಕನ್ ಪ್ರತಿಮೆಯವರೆಗೆ 87 ಮೆಟ್ಟಿಲು. ಮರಳು ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಾ ಹತ್ತಿ. ಚೆಕ್‌ಪಾಯಿಂಟ್ ದಾಟಿದಾಗ ನಾವಿನ್ನೂ ಅರ್ಧ ಮೆಟ್ಟಿಲ ಮೇಲಿದ್ದೆವು. ಫೋನ್ ತೆಗೆಯಲು ಯಾರ ಕೈಯೂ ಖಾಲಿ ಇರಲಿಲ್ಲ. ಮೇಲೆ ಹೋಗಿ ನೋಡಿದೆವು, ತ್ರಿಕೋನ ಇನ್ನೂ ಹಸಿರಾಗಿತ್ತು.

ಅಕ್ಕಿ ಮರುದಿನ ಬಿಸಿಬೇಳೆಬಾತ್ ಆಯಿತು. ಒಂದೇ ಕವರ್ ಹಾಕಿದ್ದ ಒಬ್ಬರ ಚೀಲ ಮಾತ್ರ ಬೆವರು ಕುಡಿದಿತ್ತು. ಅದನ್ನು ಎಸೆದೆವು.