ಅಡಿಕೆ ಹಾಳೆಯ ಸಮುರಾಯ್ ಕವಚ: ನನ್ನ ಅನುಭವ

ಅಡಿಕೆ ಹಾಳೆಯಲ್ಲಿ ಕಾಸ್‌ಪ್ಲೇ ಕವಚ, ಅಂದರೆ ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷಕ್ಕೆ ತೊಡುವ ಕವಚ ಮಾಡಬಹುದು. ಫೋಟೋಗೆ ನಿಂತು ಬಿಚ್ಚಿಡುವಂಥದ್ದಲ್ಲ. ಕಾಸರಗೋಡಿನಿಂದ ರಾತ್ರಿ ರೈಲಿನಲ್ಲಿ ಹೊತ್ತುಕೊಂಡು ಹೋಗಿ, ಕಾಮಿಕ್ಸ್ ಪ್ರಿಯರ ಮೇಳವಾದ ಬೆಂಗಳೂರು ಕಾಮಿಕ್ ಕಾನ್‌ನ ನೂಕುನುಗ್ಗಲಿನಲ್ಲಿ ಎರಡು ದಿನವೂ ತೊಟ್ಟು, ಹಾಗೇ ವಾಪಸ್ ತಂದ ಕವಚ. ಈಗ ನೀರ್ಚಾಲಿನ ನಮ್ಮ ಮನೆಯ ಅಟ್ಟದಲ್ಲಿ ನೇತಾಡುತ್ತಿದೆ. ನಂಬಿಕೆ ಬಾರದವರು ಬಂದು ಬಡಿದು ನೋಡಬಹುದು.

ಇದನ್ನು ಬರೆಯಲು ಕಾರಣ ಉಂಟು. ಇಂಥ ಕವಚವನ್ನು ಸಾಮಾನ್ಯವಾಗಿ ಫೋಮಿನ ಶೀಟಿನಲ್ಲಿ ಮಾಡುವುದು. ಅದರಲ್ಲಿ ಪಳಗಿದ ಗೆಳೆಯರೆಲ್ಲ ನನಗೆ ಹೇಳಿದ್ದು ಒಂದೇ ಮಾತು: "ಫೋಮಿನ ಕೆಲಸಕ್ಕೆ ಫೋಮೇ ಆಗ್ಬೇಕು ಮಾರಾಯ್ತಿ, ಹಾಳೆ ಊಟದ ತಟ್ಟೆಗೆ ಸರಿ." ಮನೆಯಲ್ಲೂ ಅದೇ. ದೊಡ್ಡಪ್ಪ ಅಂತೂ "ಮಳೆಗಾಲ ಒಂದು ಕಳೀಲಿ, ಆಮೇಲೆ ನೋಡುವ" ಎಂದಿದ್ದರು. ಮಳೆಗಾಲ ಕಳೆದಿದೆ. ಕವಚ ಹಾಗೇ ಇದೆ.

ಫೋಮಿನ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. ಒಳ್ಳೆ ಇವಿಎ ಫೋಮಿನ ಶೀಟು, 5 ಎಂಎಂ, ಒಂದಕ್ಕೆ ಸಾವಿರದ ಆಸುಪಾಸು. ಪೂರ್ತಿ ಕವಚಕ್ಕೆ ಆರೇಳು ಶೀಟು ಬೇಕು. ನಮ್ಮಂಥ ಊರಿಗೆ ಕೊರಿಯರ್ ಖರ್ಚು ಬೇರೆ. ಅದೂ ಮಡಚಿ ಕಳಿಸುತ್ತಾರೆ, ಮಡಚಿದ ಗೆರೆ ಹೀಟ್ ಗನ್ ಹಿಡಿದರೂ ಪೂರ್ತಿ ಹೋಗುವುದಿಲ್ಲ. ಅಂಟು, ಪ್ರೈಮರ್, ಬಣ್ಣ ಎಲ್ಲ ಸೇರಿಸಿದರೆ 11,000 ದಾಟುತ್ತಿತ್ತು. ನಾನು ಕುಂಬಳೆಯಲ್ಲಿ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಎರಡು ದಿನದ ವೇಷಕ್ಕೆ ಒಂದು ತಿಂಗಳ ಸಂಬಳ ಹಾಕಲು ಮನಸ್ಸು ಬರಲಿಲ್ಲ. ತೋಟದಲ್ಲಿ ನೋಡಿದರೆ ಹಾಳೆ ಬಿದ್ದುಕೊಂಡಿದೆ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ, ಒಂದೊಂದಕ್ಕೂ ಒಂದು ಹಾಳೆ. ತಟ್ಟೆ ಮಾಡುವವರು ಕೊಂಡರೆ ಹಾಳೆಗೆ ಒಂದೂವರೆಯೋ ಎರಡೋ ರೂಪಾಯಿ.

ಹಾಳೆಯಲ್ಲಿ ವೇಷ ಎಂದರೆ ನಮ್ಮ ಕಡೆಗೆ ಹೊಸತೇನಲ್ಲ. ಮುಟ್ಟಾಳೆ ಎಂಬ ಟೊಪ್ಪಿ ಇದೆ, ಆಟಿ ತಿಂಗಳ ಜನಪದ ವೇಷವಾದ ಆಟಿ ಕಳೆಂಜನ ಟೊಪ್ಪಿ ಇದೆ. ತೆಂಕಣ ಕೇರಳದ ಪಡಯಣಿ ಎಂಬ ದೇವಿಯ ಆಚರಣೆಯಲ್ಲಿ ಆಳೆತ್ತರದ ಕೋಲಗಳನ್ನೇ, ಅಂದರೆ ಮುಖವಾಡದ ವೇಷಗಳನ್ನೇ, ಹಸಿ ಹಾಳೆಯ ಮೇಲೆ ಬರೆದು ಕಟ್ಟುತ್ತಾರೆ. ಆದರೆ ಪಡಯಣಿಯ ಕೋಲ ಒಂದು ರಾತ್ರಿಯ ಕೆಲಸಕ್ಕೆ. ನನಗೆ ಬೇಕಾದದ್ದು ಉಳಿಯುವಂಥದ್ದು.

ಮೊದಲು ಎಲ್ಲರೂ ಮಾಡುವ ಹಾಗೆ ಪೆಪಕುರಾ ಫೈಲ್, ಅಂದರೆ ಕತ್ತರಿಸಿ ಜೋಡಿಸುವ ತುಂಡುಗಳ ನಕ್ಷೆ, ಇಳಿಸಿಕೊಂಡೆ. ಅಂಗಡಿಯಲ್ಲಿ ಉಳಿದ ಫ್ಲೆಕ್ಸ್ ತುಂಡಿನಲ್ಲಿ ಪ್ಯಾಟರ್ನ್ ಕತ್ತರಿಸಿ ಹಾಳೆಗೆ ಇಳಿಸಿದೆ. ಎದೆ ಕವಚ, ಯುರೋಪಿನ ಹಳೆ ಕಾಲದ ಯೋಧರ, ಅಂದರೆ ನೈಟ್ ಶೈಲಿಯದ್ದು. ಆಗಲೇ ಇಲ್ಲ. ಒಂದು ಎದೆ ಮಾಡಲು ಹೋಗಿ ಎರಡು ಕಟ್ಟು ಹಾಳೆ ಸೌದೆ ಒಲೆಗೆ ಹೋಯಿತು. ಹಾಳೆ ಒಂದು ಕಡೆಗೆ ಮಾತ್ರ ಬಗ್ಗುತ್ತದೆ. ನಾರಿನ ಉದ್ದಕ್ಕೆ ಸುರುಳಿ ಸುತ್ತಿಕೊಳ್ಳುವುದು ಅದರ ಹುಟ್ಟು ಗುಣ. ಎರಡೂ ಕಡೆಗೆ ಒಟ್ಟಿಗೆ ಬಗ್ಗಿಸಿ ಉಬ್ಬು ತರಲು ಹೋದರೆ ನಾರಿನ ಮಧ್ಯೆ ಟಕ್ ಎಂದು ಸೀಳುತ್ತದೆ. ಹೀಟ್ ಗನ್ ಹಿಡಿದರೆ ಕರಕಲಾಗುತ್ತದೆ, ಅಷ್ಟೆ. ಹಾಳೆಯನ್ನು ಫೋಮಿನ ಹಾಗೆ ನಡೆಸಿಕೊಂಡವರು ಎಲ್ಲರೂ ಇಲ್ಲಿಯೇ ಕೈಬಿಟ್ಟದ್ದು ಎಂದು ನನ್ನ ಅಂದಾಜು.

ಆಮೇಲೆ ನಾನು ಪಾತ್ರವನ್ನೇ ಬದಲಾಯಿಸಿದೆ. ಇದೇ ಇಡೀ ಕೆಲಸದ ಗುಟ್ಟು, ಇದನ್ನು ಮುಚ್ಚಿಡುವುದಿಲ್ಲ. ಪಾತ್ರ ಮೊದಲು, ಸಾಮಾನು ಆಮೇಲೆ ಎಂಬುದು ಫೋಮಿನವರ ಕ್ರಮ. ಹಾಳೆಗೆ ಆ ಕ್ರಮ ನಡೆಯುವುದಿಲ್ಲ. ಹಾಳೆ ಒಪ್ಪುವ ಕವಚ ಯಾವುದು ಎಂದು ಹುಡುಕಬೇಕು. ಜಪಾನಿನ ಹಳೆ ಯೋಧರ ಸಮುರಾಯ್ ಕವಚ ಉಂಟಲ್ವಾ, ಅದು ಪಟ್ಟಿಗಳ ಕವಚ. ಪಟ್ಟಿಯ ಕೆಳಗೆ ಪಟ್ಟಿ, ಮಧ್ಯೆ ದಾರದ ಹೆಣಿಗೆ. ಒಂದೊಂದು ಪಟ್ಟಿಯೂ ಒಂದೇ ಕಡೆಗೆ ಬಾಗಿದರೆ ಸಾಕು. ಹಳೆಯ ಕಾಲದ ಅಸಲಿ ಕವಚಗಳಲ್ಲೂ ಕಬ್ಬಿಣದ ಜೊತೆಗೆ ಹಸಿ ಚರ್ಮದ ತುಂಡುಗಳನ್ನು ಸೇರಿಸಿ, ಮೇಲೆ ಮರದ ಹಾಲಿನ ಮೆರುಗು ಬಳಿದು, ರೇಷ್ಮೆ ದಾರದಿಂದ ಹೆಣೆಯುತ್ತಿದ್ದರು. ಒಣಗಿದ ಹಾಳೆ ಹಸಿ ಚರ್ಮಕ್ಕೆ ಹತ್ತಿರದ ಗುಣದ್ದು. ನೆನೆದರೆ ಮೆತ್ತಗೆ, ಒಣಗಿದರೆ ಬಿರುಸು, ಒಣಗುವಾಗ ಹೇಗೆ ಕಟ್ಟಿರುತ್ತೀರೋ ಹಾಗೇ ನಿಲ್ಲುತ್ತದೆ.

ಇನ್ನು ಮಾಡಿದ ರೀತಿ. ಹಾಳೆ ಬೇಸಿಗೆಯದ್ದೇ ಆಗಬೇಕು. ದೀಪಾವಳಿ ಕಳೆದ ಮೇಲೆ ಬಿದ್ದದ್ದು, ಬಿದ್ದ ದಿನವೇ ಹೆಕ್ಕಿದ್ದು. ಮಳೆಗೆ ನೆನೆದ ಹಾಳೆಯಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಒಣಗಿಸಿದರೂ ಆ ಬೂಸ್ಟು ಒಳಗೇ ಇರುತ್ತದೆ. ಬಣ್ಣ ಬಳಿದ ಮೇಲೆ ಗುಳ್ಳೆ ಎದ್ದು ಬಂದು ನನ್ನ ಒಂದು ಜೊತೆ ಸೋದೆ (ಭುಜದ ಕವಚ) ಪೂರ್ತಿ ಹಾಳಾಯಿತು. ಬಣ್ಣಕ್ಕೇ ಆಗ 400 ರೂಪಾಯಿ ಹೋಗಿತ್ತು. ಆರಿಸಿದ ಹಾಳೆಯನ್ನು ನೀರಿಗೆ ಹಾಕಿ, ಮೆತ್ತಗಾದ ಮೇಲೆ ಒಳಮೈಯ ನಯವಾದ ಪೊರೆ ಸುಲಿಯಬೇಕು. ಪೊರೆಯನ್ನು ಹಾಗೇ ಬಿಟ್ಟರೆ ಯಾವ ಅಂಟೂ ಹಿಡಿಯುವುದಿಲ್ಲ. ನೆನೆಸುವ ನೀರಿಗೆ ನಾನು ಎರಡು ಸಾಮಾನು ಹಾಕುತ್ತೇನೆ, ಹುಳ ಬಾರದ ಹಾಗೆ. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ. ಎರಡೂ ನಿಮ್ಮ ಅಡುಗೆಮನೆಯಲ್ಲೇ ಇವೆ.

ನೆನೆದ ಹಾಳೆಯನ್ನು ಪಿವಿಸಿ ಪೈಪಿನ ಮೇಲೆ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯುವುದು. ಕೈಗೆ 4 ಇಂಚಿನ ಪೈಪು, ತೊಡೆಗೆ 6 ಇಂಚಿನದ್ದು. ಸೊಂಟದ ಪಟ್ಟಿಗಳಿಗೆ ಹಳೆ ಪ್ಲಾಸ್ಟಿಕ್ ಡ್ರಮ್. ನೇರ ಬಿಸಿಲಿಗೆ ಇಟ್ಟರೆ ಅಂಚು ಮುರುಟುತ್ತದೆ. ನಾಲ್ಕೈದು ದಿನ ನೆರಳು, ಆಮೇಲೆ ಅಡಿಕೆ ಒಣಗಿಸುವ ಸೋಲಾರ್ ಗೂಡು. ಅಪ್ಪ ಅಡಿಕೆಗೆ ಜಾಗ ಸಾಲದು ಎಂದು ಗೊಣಗಿದರು, ಆದರೂ ಒಂದು ಮೂಲೆ ಬಿಟ್ಟುಕೊಟ್ಟರು.

ಒಂದೇ ಪದರದ ಹಾಳೆ ನಂಬಬೇಡಿ. ನಾರಿನ ಉದ್ದಕ್ಕೆ ಕತ್ತರಿಸಿದ ಒಂದು, ಅಡ್ಡಕ್ಕೆ ಕತ್ತರಿಸಿದ ಒಂದು, ಎರಡನ್ನೂ ಪ್ಲೈವುಡ್ ಕ್ರಮದಲ್ಲಿ ಸೇರಿಸಿ ಅಂಟಿಸಬೇಕು. ಎರಡೂ ಮೈಯನ್ನು 80 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ, ಫೆವಿಕಾಲ್ ಎಸ್‌ಆರ್ 998 ಎರಡೂ ಕಡೆ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತುವುದು. ಹಾಳೆಯಲ್ಲಿ ಸ್ವಲ್ಪ ಪಸೆ ಉಳಿದಿದ್ದರೂ ಅಂಟು ಬಿಡುತ್ತದೆ. ಒಳಗೆ ಅಪ್ಪನ ಹಳೆ ಮುಂಡಿನ ಬಟ್ಟೆ ಅಂಟಿಸಿದೆ. ಮೈಗೆ ಚುಚ್ಚುವುದಿಲ್ಲ, ಬೆವರನ್ನೂ ಹೀರುತ್ತದೆ.

ತೂತು ಹಾಕುವ ಕೆಲಸ ಇಡೀ ಕವಚದಲ್ಲಿ ನನಗೆ ಅತಿ ಇಷ್ಟವಾದದ್ದು. ಪಂಚಿಂಗ್ ಉಳಿಯಿಂದ ಹೊಡೆದರೆ ಮೂರನೇ ತೂತಿಗೆ ಬಿರುಕು ಓಡುತ್ತದೆ. ಹಳೆ ಕೊಡೆಯ ಕಡ್ಡಿಯನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಚುಚ್ಚಬೇಕು. ಸುರ್ ಎಂದು ಹೊಗೆ ಬಂದು ತೂತಿನ ಸುತ್ತ ಕಂದು ಬಣ್ಣದ ಗಟ್ಟಿ ಉಂಗುರ ಆಗುತ್ತದೆ. ಆ ಉಂಗುರವೇ ತೂತನ್ನು ಕಾಯುವುದು. ತೂತುಗಳು ಒಂದೇ ಗೆರೆಯಲ್ಲಿ ಬರಬಾರದು. ಒಂದು ಮೇಲೆ, ಮುಂದಿನದು ಕಾಲಿಂಚು ಕೆಳಗೆ, ಹೀಗೆ ಅಂಕುಡೊಂಕಾಗಿ. ಒಂದೇ ನಾರಿನ ಮೇಲೆ ಎರಡು ತೂತು ಬಿದ್ದರೆ ದಾರ ಎಳೆದಾಗ ಆ ನಾರಿನಲ್ಲೇ ಸೀಳು. ಸೊಂಟದಿಂದ ಇಳಿಯುವ ಕುಸಜುರಿಗೆ ಏಳು ಜೋಲು, ಒಂದೊಂದಕ್ಕೆ ಐದು ಪಟ್ಟಿ. ಅಲ್ಲಿಗೇ 35 ಪಟ್ಟಿ ಆಯಿತು. ಎಷ್ಟು ತೂತು ಎಂದು ಲೆಕ್ಕ ಇಡಲಿಲ್ಲ, ಅಮ್ಮ ಗ್ಯಾಸಿನ ಲೆಕ್ಕ ಇಟ್ಟಿದ್ದಾರೆ.

ಖರ್ಚು ಹೆಚ್ಚು ಹೋದದ್ದು ದಾರಕ್ಕೆ. ಚೂಡಿದಾರಿಗೆ ಹಾಕುವ ಹೊಳೆಯುವ ಡೋರಿ, ಮಂಗಳೂರಿನಿಂದ ಸಗಟಿನಲ್ಲಿ ತಂದೆ. ಮೀಟರಿಗೆ 6 ರೂಪಾಯಿ, ಸುಮಾರು 300 ಮೀಟರ್ ಬೇಕಾಯಿತು. ಒಮ್ಮೆಗೇ ತನ್ನಿ. ಆಮೇಲೆ ತಂದ ಕೆಂಪು ಮೊದಲಿನ ಕೆಂಪಿಗೆ ಸೇರುವುದಿಲ್ಲ. ಅಂಟಿಗೆ 900, ಬಣ್ಣ ಮತ್ತು ಮೆರುಗಿಗೆ 1,100, ಭುಜ ಮತ್ತು ಕುತ್ತಿಗೆಯ ಮೆತ್ತೆಗೆ ಸ್ವಲ್ಪ ಫೋಮು 400, ಶಿರಸ್ತ್ರಾಣದ ಒಳಗಿನ ಹಳೆ ಹೆಲ್ಮೆಟ್ಟಿಗೆ 250. ಎಲ್ಲ ಸೇರಿ ನಾಲ್ಕೂವರೆ ಸಾವಿರ ಇಟ್ಟುಕೊಳ್ಳಿ. ಹಾಳಾದ ಸಾಮಾನಿನ ಲೆಕ್ಕ ಬೇರೆ, ಅದೊಂದು ಸಾವಿರದೈನೂರು ಇರಬಹುದು.

ಶಿರಸ್ತ್ರಾಣ, ಅಂದರೆ ಕಬುತೊ, ಆಗುವುದೇ ಇಲ್ಲ ಎಂದು ಪಂಥ ಕಟ್ಟಿದವರೂ ಇದ್ದರು. ಉರುಟು ತಲೆಗೆ ಹಾಳೆ ಹೇಗೆ ಬಗ್ಗೀತು ಎಂದು. ಅಸಲಿ ಕಬುತೊ ಕೂಡ ಅನೇಕ ಸಪೂರ ತಗಡುಗಳನ್ನು ಜೋಡಿಸಿ ಮಾಡಿದ್ದು. ನಾನೂ ಕಲ್ಲಂಗಡಿ ಹೋಳಿನ ಆಕಾರಕ್ಕೆ ಹಾಳೆ ಕತ್ತರಿಸಿ, ಹೆಲ್ಮೆಟ್ಟಿನ ಮೇಲೆ ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಕೂರಿಸಿದೆ. ಮುಂದಿನ ಕೊಂಬಿಗೆ ಯಕ್ಷಗಾನದ ಕಿರೀಟಕ್ಕೆ ಹಚ್ಚುವ ಬೇಗಡೆ. ಸ್ಪ್ರೇ ಬಣ್ಣದ ಬಂಗಾರ ಅದರ ಹತ್ತಿರಕ್ಕೂ ಬರುವುದಿಲ್ಲ. ಬೇಗಡೆಯನ್ನು ಸುಕ್ಕಿಲ್ಲದೆ ಅಂಟಿಸುವುದನ್ನು ಮೇಳದ ವೇಷಭೂಷಣ ಕಟ್ಟುವ ಒಬ್ಬರು ಮಾವ ಕಲಿಸಿಕೊಟ್ಟರು. ಅದು ಅವರ ಕೈಕಸುಬು, ಇಲ್ಲಿ ಬರೆಯುವುದು ಸರಿಯಲ್ಲ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಬದಿಯಡ್ಕ ಹತ್ತಿರ ಹಾಳೆ ತಟ್ಟೆ ಮಾಡುವ ಅಣ್ಣನ ಬಳಿ ಹೋಗಿ, ಕೆಲಸ ಮುಗಿದ ಹೊತ್ತಿಗೆ ಮೆಷಿನ್ ಕೇಳಿದೆ. ಬಿಸಿ ಅಚ್ಚಿನಲ್ಲಿ ಒತ್ತಿದರೆ ಹಾಳೆ ಎರಡೂ ಕಡೆ ಬಾಗುತ್ತದೆ, ಕೈಯಲ್ಲಿ ಆಗದ ಕೆಲಸ ಅದು. ಸಣ್ಣ ಬೋಗುಣಿಯ ಅಚ್ಚಿನಿಂದ ಮೊಣಕಾಲಿನ ಚಿಪ್ಪು ಎರಡು, ತಟ್ಟೆಯ ಅಚ್ಚಿನಿಂದ ಎದೆಯ ಮೇಲಿನ ಬಿಲ್ಲೆ. ಅಂಚಿನ ಗೀರುಗಳನ್ನು ತಿಕ್ಕಿ ತೆಗೆದರೆ ತಟ್ಟೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಅಳತೆಗೇ ಅಚ್ಚು ಹೊಯ್ಯಿಸಿದರೆ ನೈಟ್ ಕವಚವೂ ಆದೀತು. ಆದರೆ ಅಚ್ಚಿಗೆ ಬೀಳುವ ದುಡ್ಡಿನಲ್ಲಿ ಫೋಮಿನ ಕವಚ ನಾಲ್ಕು ಬರುತ್ತದೆ, ಸದ್ಯಕ್ಕೆ ಬೇಡ.

ಇನ್ನೊಂದು ಗೇರೆಣ್ಣೆ. ಜಪಾನಿನವರು ಕವಚಕ್ಕೆ ಬಳಿಯುತ್ತಿದ್ದದ್ದು ಉರುಶಿ ಮರದ ಹಾಲು. ನಮ್ಮ ಗೇರು ಮರವೂ ಅದೇ ಕುಟುಂಬದ್ದು. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಮೆರುಗನ್ನು ಜಪಾನಿನಲ್ಲಿ ಉರುಶಿಗೆ ಬದಲಾಗಿ ಬಳಸುತ್ತಾರೆ. ಇದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ನಮ್ಮಲ್ಲಿ ದೋಣಿಗೆ, ಮರಕ್ಕೆ ಬಳಿಯುವ ಗೇರೆಣ್ಣೆಯನ್ನೇ ನಾಲ್ಕು ಪಟ್ಟಿಗೆ ಹಚ್ಚಿ ನೋಡಿದೆ. ಕಪ್ಪಿಗೆ ತಿರುಗಿದ ಕಂದು, ಒಳಗಿನಿಂದ ಬಂದ ಹೊಳಪು, ಯಾವ ಎನಾಮೆಲ್ಲಿನಲ್ಲೂ ಸಿಗದ ಬಣ್ಣ. ಹುಳವೂ ಹತ್ತಿರ ಸುಳಿಯಲಿಲ್ಲ. ಆದರೆ ಒಣಗಲು ವಾರಗಟ್ಟಲೆ ಬೇಕು, ಹಸಿ ಎಣ್ಣೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಕೈಗವಸು ಇಲ್ಲದೆ ಮುಟ್ಟಲೇಬೇಡಿ, ಮೈಗೆ ತಾಗುವ ಒಳಬದಿಗೆ ಬೇಡವೇ ಬೇಡ. ಹಾಗಾಗಿ ಈ ಕವಚಕ್ಕೆ ಕಪ್ಪು ಎನಾಮೆಲ್, ಅದರ ಮೇಲೆ ವಾಹನಕ್ಕೆ ಹೊಡೆಯುವ ಕ್ಲಿಯರ್ ಕೋಟ್. ಗೇರೆಣ್ಣೆಯನ್ನು ಬೇಗ ಒಣಗಿಸುವ ಒಂದು ದಾರಿ ಸಿಕ್ಕಿದೆ, ಅದು ಪಕ್ಕಾ ಆಗಲಿ.

ಕತ್ತಿ ಮಾತ್ರ ಫೋಮಿನದ್ದೇ. ಅಡಿಕೆ ಮರದ ದಬ್ಬೆಯಲ್ಲಿ ಚಂದದ ಕತ್ತಿ ಆಗುತ್ತದೆ, ಆದರೆ ಕಾನ್‌ನ ಬಾಗಿಲಲ್ಲಿ ಗಟ್ಟಿ ಸಾಮಾನನ್ನು ತಡೆಯುತ್ತಾರೆ. ಅಲ್ಲಿ ವಾದ ಮಾಡುವುದಕ್ಕಿಂತ ಫೋಮು ಮೇಲು.

ಸಾಗಿಸುವುದು ಬಹಳ ಸುಲಭ ಆಯಿತು. ದಾರದ ಹೆಣಿಗೆ ಆದ ಕಾರಣ ಸೋದೆ, ಕುಸಜುರಿ, ಕುತ್ತಿಗೆಯ ಶಿಕೊರೊ ಎಲ್ಲ ಒಂದರ ಮೇಲೆ ಒಂದು ಮಡಚಿಕೊಳ್ಳುತ್ತದೆ. ಎರಡು ಅಡಿಕೆ ಗೋಣಿಯಲ್ಲಿ ಇಡೀ ಕವಚ, ಬರ್ತಿನ ಕೆಳಗೆ. ತೂಕ ಸುಮಾರು 4 ಕಿಲೋ. ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಕೇಂದ್ರಕ್ಕೆ ತಲುಪುವ ಮೊದಲು ಟಿಕೇಟು, ರೈಲು, ಕ್ಯಾಬು, ಊಟ ಎಲ್ಲ ಸೇರಿ ಮೂರೂವರೆ ಸಾವಿರ ಖರ್ಚು. ಇದನ್ನು ಯಾರೂ ಲೆಕ್ಕಕ್ಕೆ ಸೇರಿಸುವುದಿಲ್ಲ, ಗಡಿನಾಡಿನಿಂದ ಹೋಗುವ ನಾವು ಸೇರಿಸಲೇಬೇಕು.

ಮೊದಲ ದಿನ ಒಂದು ತೊಂದರೆ ಕಂಡಿತು. ನಡೆದಾಗ ಪಟ್ಟಿಗೆ ಪಟ್ಟಿ ಉಜ್ಜಿ ಕಿರ್ ಕಿರ್ ಸದ್ದು. ರಾತ್ರಿ ರೂಮಿನಲ್ಲಿ ಅಂಚುಗಳಿಗೆಲ್ಲ ಮೇಣದ ಬತ್ತಿ ತಿಕ್ಕಿದೆ, ಎರಡನೇ ದಿನ ಸದ್ದಿಲ್ಲ. ಎಡ ಭುಜದ ಒಂದು ಡೋರಿ ಕಡಿಯಿತು, ಎರಡು ನಿಮಿಷದಲ್ಲಿ ಗಂಟು ಹಾಕಿದೆ. ಅದೇ ಹೊತ್ತಿಗೆ ಫೋಮಿನ ಗೆಳೆಯರು ಸೆಕೆಗೆ ಬಿಟ್ಟ ಜೋಡಣೆಗಳನ್ನು ಮೂಲೆಯಲ್ಲಿ ಕೂತು ಅಂಟಿಸುತ್ತಿದ್ದರು. ಹಾಳೆ ಊಟದ ತಟ್ಟೆಗೆ ಸರಿ ಎಂದವರೇ ಬಂದು ಎದೆಯ ಪಟ್ಟಿ ತಟ್ಟಿ ನೋಡಿದರು. "ಇದು ಹಾಳೆಯಾ? ಫೈಬರ್ ಅಲ್ವಾ?" ನಾನು ಒಳಗಿನ ಬಟ್ಟೆ ಸರಿಸಿ ನಾರು ತೋರಿಸಿದೆ. ಎಷ್ಟು ಜನ ಫೋಟೋ ತೆಗೆದರೋ ಗೊತ್ತಿಲ್ಲ, ಎರಡೂ ದಿನ ಕೂರಲು ಬಿಡಲಿಲ್ಲ. ಚೆನ್ನೈಯ ಇಬ್ಬರು ಅಲ್ಲೇ ಒಂದೊಂದು ಜೊತೆ ಸೋದೆಗೆ ಆರ್ಡರ್ ಕೊಟ್ಟರು, ಒಂದು ಜೊತೆಗೆ 1,800 ರೂಪಾಯಿ ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಇನ್ನೂ ಸ್ವಲ್ಪ ಜಾಸ್ತಿಯೇ ಕೇಳಬಹುದಿತ್ತು, ಮುಂದಿನ ಸಲದಿಂದ 2,200.

ಈಗ ತೋಟದಿಂದ ಬಂದ ಹಾಳೆಯನ್ನು ಅಳತೆ ನೋಡಿ ಕಟ್ಟು ಕಟ್ಟಿ ಇಡುತ್ತಿದ್ದೇನೆ. ಅಗಲ ಒಂದಡಿಗಿಂತ ಕಡಿಮೆಯದ್ದು ತಟ್ಟೆಯವರಿಗೆ, ಉಳಿದದ್ದು ನನಗೆ. ನೀವೂ ಮಾಡಿ ನೋಡುವುದಿದ್ದರೆ ಸೋದೆಯಿಂದ ಶುರು ಮಾಡಿ, ಎದೆಗೆ ಆಮೇಲೆ ಕೈ ಹಾಕಿ. ಹಾಳೆ ಬೇಕಾದವರು ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ಮೊದಲು ಹೇಳಿ. ಒಂದು ಕಟ್ಟಿನಲ್ಲಿ 50 ಹಾಳೆ, ಹಾಳೆಯ ದುಡ್ಡು ಬೇಡ, ಸಾಗಾಟದ್ದು ಮಾತ್ರ ಕೊಟ್ಟರೆ ಆಯಿತು. ಮಳೆ ಹಿಡಿದ ಮೇಲೆ ಕೇಳಿದರೆ ಕೊಡುವುದಿಲ್ಲ.